ವಿಲೀನವೋ, ಏಕೀಕರಣವೋ?



ಇಂಗ್ಲಿಷಿನ ‘ಮರ್ಜ್’, ‘ಯುನೈಟ್’ ಎಂಬ ಎರಡು ಕ್ರಿಯಾಪದಗಳಿಗೂ ನಾವು ‘ಸೇರು’ ಎಂಬ ಒಂದೇ ಅರ್ಥ ಬರೆದುಕೊಳ್ಳುವುದುಂಟು. ಸುವರ್ಣಾವತಿಯು ಕಾವೇರಿಯನ್ನು ಸೇರಿದ ಮೇಲೆ ಕಾವೇರಿಯ ಹೆಸರೊಂದೇ ಉಳಿಯುತ್ತದೆ. ಅದು ‘ಮರ್ಜ್’, ಎಂದರೆ ವಿಲೀನ. ಐದು ಬೆರಳುಗಳು ಸೇರಿದಾಗ ಯಾವೊಂದು ಬೆರಳಿನದೂ ಅಲ್ಲದ ‘ಮುಷ್ಟಿ’ ಎಂಬ ಹೆಸರು ಹುಟ್ಟುತ್ತದೆ. ಅದು ‘ಯುನೈಟ್’, ಎಂದರೆ ಏಕೀಕರಣ.

ನಮ್ಮ ಧನಗೆರೆಯ ಸೀಮೆಯ ಚರಿತ್ರೆಯೇ ಇದಕ್ಕೆ ನಿದರ್ಶನ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೊಳ್ಳೇಗಾಲವು ಕಂಪನಿ ಸರ್ಕಾರದ ಪಾಲಾಗಿ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ನುಡಿ ಒಂದೇ, ಆಳ್ವಿಕೆ ಎರಡು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು.

ಮೈಸೂರಿಗೆ ಸಮೀಪದ ನಮಗೆ ಆ ಹೆಸರು ಪರಕೀಯವೆನಿಸಲಿಲ್ಲ. ಆದರೆ ಅದೇ ದಿನ ಮುಂಬಯಿ, ಹೈದರಾಬಾದ್ ರಾಜ್ಯಗಳಿಂದ ಬಂದ ಅನೇಕ ಕನ್ನಡಿಗರಿಗೆ, ಹಳೆಯ ಸಂಸ್ಥಾನದ ಹೆಸರೇ ಉಳಿದುದು ವಿಲೀನದಂತೆ ತೋರಿತು. 1973ರ ನವೆಂಬರ್ 1ರಂದು ‘ಕರ್ನಾಟಕ’ವೆಂಬ ಹೆಸರು ಬಂದಾಗ ಆ ಕೊರತೆ ನೀಗಿತು.

ಆದುದರಿಂದ, ಎರಡು ಸೇರಿದವೆಂದು ಎಲ್ಲಿಯಾದರೂ ಓದಿದಾಗ, ಉಳಿದ ಹೆಸರು ಯಾರದೆಂದು ಒಮ್ಮೆ ಕೇಳಿಕೊಳ್ಳಿರಿ.