ಹುಡುಗ ಸೋತನೋ, ಕಲಿಸಿದವರು ಸೋತರೋ?

ತಾಲೂಕು ಕ್ರೀಡಾಕೂಟದ ಸುದ್ದಿ ಕಳಿಸುವಾಗ ನಾವು ಎಷ್ಟೋ ಸಲ ‘ನಿರಾಸೆ ಮೂಡಿಸಿದ’ ಎಂದು ಬರೆದಿದ್ದೇವೆ. ಹುಡುಗ ಸೋತ, ಎರಡು ಸಾಲು, ಸುದ್ದಿ ಮುಗೀತು. ಅವನಿಗೆ ಈ ವರ್ಷ ಯಾರು ಕಲಿಸಿದರು, ಹೋದ ವರ್ಷ ಯಾರು ಕಲಿಸಿದ್ದರು ಎಂದು ಕೇಳಿದ್ದು ಬಹಳ ಕಡಿಮೆ. ಕೇಳಬೇಕಿತ್ತು ಎಂದು ನಮಗೆ ಅನ್ನಿಸಿದ್ದು, ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಚರಿತ್ರೆ ಓದಿದ ಮೇಲೆ.

ಅದು ಅಮೆರಿಕದ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಹೆಚ್ಚಿನ ಕೆಲಸವೆಲ್ಲ ಕೈಯಲ್ಲೇ. ತಂಡಕ್ಕೆ 11 ಜನ. ನಾಲ್ಕು ಯತ್ನದೊಳಗೆ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನದಲ್ಲೂ ಚೆಂಡು ಸಾಮಾನ್ಯವಾಗಿ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ. ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಅಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬೀಳುತ್ತಾರೆ. ಅವರು ಬೀಳುವ ಮೊದಲೇ ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ, ಎಲ್ಲ ತೀರ್ಮಾನ ಆಗಬೇಕು. ತೋಳಿನ ಬಲ ಹುಟ್ಟಿನಿಂದ ಬರಬಹುದು. ಈ ತೀರ್ಮಾನ ಮಾತ್ರ ಕಲಿಸಿದರೆ ಬರುವಂಥದ್ದು.

ಕಲಿಸಿದರೆ ಏನಾಗುತ್ತದೆ ಎಂದು ತೋರಿಸಿದ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್. 1978ರಲ್ಲಿ ಅದು 16 ಪಂದ್ಯ ಆಡಿ ಗೆದ್ದದ್ದು ಎರಡೇ. ಮರುವರ್ಷ ಬಿಲ್ ವಾಲ್ಶ್ ಮುಖ್ಯ ಕೋಚ್ ಆಗಿ ಬಂದರು. ಅದೇ ವರ್ಷ ಜೋ ಮೊಂಟಾನಾ ಎಂಬ ಹುಡುಗನನ್ನು ತಂಡ ಆರಿಸಿಕೊಂಡಿತು. ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸುವ ‘ಡ್ರಾಫ್ಟ್’ನಲ್ಲಿ ಮೊಂಟಾನಾ ಅವರದು 82ನೇ ಹೆಸರು.

ವಾಲ್ಶ್ ಮೊದಲು ತಿದ್ದಿದ್ದು ಕಾಲನ್ನು. ಚೆಂಡು ಹಿಡಿದು ಮೂರು ಹೆಜ್ಜೆ ಹಿಂದೆ ಹೋದರೆ ಒಂದು ಎಸೆತ, ಐದಕ್ಕೆ ಇನ್ನೊಂದು, ಏಳಕ್ಕೆ ಮತ್ತೊಂದು. ಕೊನೆಯ ಹೆಜ್ಜೆ ಊರುವ ಹೊತ್ತಿಗೆ ಚೆಂಡು ಹಿಡಿಯುವವನೂ ತನ್ನ ಜಾಗಕ್ಕೆ ಬಂದಿರಬೇಕು. ಮೊದಲ ವರ್ಷ ಮೊಂಟಾನಾ ಅವರಿಗೆ ಆರಂಭದಿಂದ ಆಡುವ ಅವಕಾಶ ಸಿಕ್ಕಿದ್ದು ಒಂದೇ ಪಂದ್ಯದಲ್ಲಿ. ಎರಡನೇ ವರ್ಷ ಹಿರಿಯ ಆಟಗಾರ ಸ್ಟೀವ್ ಡಿಬರ್ಗ್ ಜೊತೆ ಹಂಚಿಕೊಂಡು ಆಡಿದರು. ಮೂರನೇ ವರ್ಷ, 1982ರ ಜನವರಿಯಲ್ಲಿ, ತಂಡ ದೇಶದ ಚಾಂಪಿಯನ್ ಪಟ್ಟದ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಮೊಂಟಾನಾ ಒಟ್ಟು ನಾಲ್ಕು ಸೂಪರ್ ಬೌಲ್ ಗೆದ್ದರು.

ಇದೇ ತಂಡ ಮುಂದೆ ಈ ಪಾಠ ಮರೆತದ್ದೇ ನಿಜವಾದ ಕಥೆ.

2004ರಲ್ಲಿ ತಂಡ ಮತ್ತೆ ಎರಡೇ ಪಂದ್ಯ ಗೆದ್ದಿತು. ಕೊನೆಯಲ್ಲಿ ನಿಂತ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. 2005ರ ಏಪ್ರಿಲ್‌ನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್ ಹುಡುಗರ ಹೆಸರು ಎಲ್ಲರ ಬಾಯಲ್ಲಿತ್ತು: ಅಲೆಕ್ಸ್ ಸ್ಮಿತ್ ಮತ್ತು ಆರನ್ ರಾಜರ್ಸ್. ಫಾರ್ಟಿನೈನರ್ಸ್ ಮೊದಲ ಹೆಸರಾಗಿ ಸ್ಮಿತ್ ಅವರನ್ನು ಕೂಗಿತು. ರಾಜರ್ಸ್ ಟಿವಿ ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಕಾದು ಕೂತರು. 24ನೆಯವರಾಗಿ ಗ್ರೀನ್ ಬೇ ಪ್ಯಾಕರ್ಸ್ ಅವರನ್ನು ಕರೆಯಿತು. ಅಂದು ಗೆದ್ದವರು ಸ್ಮಿತ್, ಸೋತವರು ರಾಜರ್ಸ್ ಎಂದೇ ಎಲ್ಲರೂ ಅಂದುಕೊಂಡರು.

21 ವರ್ಷದ ಸ್ಮಿತ್ ಅವರನ್ನು ಮೊದಲ ವರ್ಷವೇ ಕಣಕ್ಕಿಳಿಸಲಾಯಿತು. ಒಂಬತ್ತು ಪಂದ್ಯದಲ್ಲಿ ಅವರ ಎಸೆತದಿಂದ ಬಂದ ಟಚ್‌ಡೌನ್, ಅಂದರೆ ಗೆರೆ ದಾಟಿ ತಂದ ಅಂಕ, ಒಂದೇ ಒಂದು. ಎದುರಾಳಿ ಕೈಗೆ ಹೋದ ಎಸೆತ 11.

ಅವರಿಗೆ ಆಟದ ಯೋಜನೆ ಕಲಿಸಬೇಕಾದ ಕೋಚ್, ಮೈಕ್ ಮೆಕಾರ್ತಿ, ಒಂದೇ ವರ್ಷಕ್ಕೆ ಹೊರಟರು. 2006ರಲ್ಲಿ ನಾರ್ವ್ ಟರ್ನರ್ ಬಂದರು. ಆ ವರ್ಷ ಸ್ಮಿತ್ ಚೇತರಿಸಿಕೊಂಡರು: 16 ಟಚ್‌ಡೌನ್, 16 ತಪ್ಪು ಎಸೆತ. ತಂಡ ಏಳು ಪಂದ್ಯ ಗೆದ್ದಿತು. ಇನ್ನೇನು ದಾರಿಗೆ ಬಂತು ಎನ್ನುವಾಗ ಟರ್ನರ್ ಬೇರೆ ತಂಡದ ಮುಖ್ಯ ಕೋಚ್ ಆಗಿ ಹೋದರು. ಆಮೇಲೆ ಹಾಸ್ಟ್ಲರ್, ಮಾರ್ಟ್ಜ್, ರೇ, ಜಾನ್ಸನ್. 2011ರಲ್ಲಿ ಬಂದ ಗ್ರೆಗ್ ರೋಮನ್ ಅವರನ್ನೂ ಸೇರಿಸಿದರೆ ಏಳು ವರ್ಷಕ್ಕೆ ಏಳು ಜನ. ನಡುವೆ ಭುಜದ ಪೆಟ್ಟು ಬೇರೆ. 2008ರಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ.

ಕೋಚ್ ಬದಲಾದರೆ ಏನು ಮಹಾ ಎನ್ನಬೇಡಿ. ಪ್ರತಿಯೊಬ್ಬರದೂ ಬೇರೆ ಪಟ್ಟಿನ ಪುಸ್ತಕ, ಬೇರೆ ಭಾಷೆ. ಮೆಕಾರ್ತಿ ಪದ್ಧತಿಯಲ್ಲಿ ಓಡುವ ದಾರಿಗಳಿಗೆ ಪದಗಳ ಹೆಸರು. ಟರ್ನರ್ ಪದ್ಧತಿಯಲ್ಲಿ ಅದಕ್ಕೆ ಅಂಕಿಗಳು. ಪ್ರತಿ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಮಗುವಿಗೆ ಹೊಸ ಲಿಪಿ ಕೊಟ್ಟು, ‘ಇನ್ನೂ ಓದಲು ಬರುವುದಿಲ್ಲವೇ’ ಎಂದು ಗದರಿದ ಹಾಗೆ. ಕಣ್ಣಿಗೆ ಕಂಡದ್ದನ್ನು ಮನಸ್ಸು ಹೊಸ ಭಾಷೆಗೆ ಹೊಂದಿಸಿಕೊಳ್ಳುವಷ್ಟರಲ್ಲಿ ಆ ಮೂರು ಸೆಕೆಂಡ್ ಮುಗಿದಿರುತ್ತದೆ.

ಆ ಕಡೆ ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆ ಕೂತರು. ಮುಂದೆ ಆಡುತ್ತಿದ್ದವರು ದೊಡ್ಡ ಆಟಗಾರ ಬ್ರೆಟ್ ಫಾರ್ವ್. 2006ರಲ್ಲಿ ಗ್ರೀನ್ ಬೇಗೆ ಹೊಸ ಮುಖ್ಯ ಕೋಚ್ ಬಂದರು. ಯಾರು ಗೊತ್ತೇ? ಸ್ಮಿತ್ ಅವರನ್ನು ಬಿಟ್ಟು ಬಂದ ಅದೇ ಮೈಕ್ ಮೆಕಾರ್ತಿ. ರಾಜರ್ಸ್ ಚೆಂಡನ್ನು ಕಿವಿಯ ಹತ್ತಿರ ಎತ್ತಿ ಹಿಡಿಯುತ್ತಿದ್ದರು, ಅದನ್ನು ಕೆಳಗಿಳಿಸಿ ತಿದ್ದಿದರು. ವರ್ಷ ವರ್ಷ ಅದೇ ಪುಸ್ತಕ, ಅದೇ ಮಾತು. 2008ರಲ್ಲಿ ರಾಜರ್ಸ್ ಕೈಗೆ ತಂಡ ಬಂತು, 10 ಪಂದ್ಯ ಸೋತಿತು. ಆದರೂ ಯಾರೂ ಅವರನ್ನು ತೆಗೆಯಲಿಲ್ಲ. 2011ರ ಫೆಬ್ರವರಿಯಲ್ಲಿ ಅವರು ಸೂಪರ್ ಬೌಲ್ ಗೆದ್ದರು. ರಾಜರ್ಸ್ ಪ್ರತಿಭೆ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆ ಪ್ರತಿಭೆ ಮಾಗಲು ಸಮಯ ಸಿಕ್ಕಿತ್ತು ಎನ್ನುವುದೂ ಅಷ್ಟೇ ನಿಜ.

ಅಷ್ಟರಲ್ಲಿ ಸ್ಮಿತ್ ಅವರಿಗೆ ‘ದಂಡಪಿಂಡ’ ಎಂಬ ಹಣೆಪಟ್ಟಿ ಅಂಟಿತ್ತು. 2011ರಲ್ಲಿ ಮುಖ್ಯ ಕೋಚ್ ಆಗಿ ಜಿಮ್ ಹಾರ್ಬಾ ಬಂದರು. ಅವರು ಸ್ವತಃ ಹಳೆಯ ಕ್ವಾರ್ಟರ್‌ಬ್ಯಾಕ್. ಆ ಬೇಸಿಗೆ ಮಾಲೀಕರು ಮತ್ತು ಆಟಗಾರರ ಜಗಳದಿಂದ ಮೈದಾನಕ್ಕೆ ಬೀಗ ಬಿತ್ತು. ಕೋಚ್‌ಗಳನ್ನು ಆಟಗಾರರು ಭೇಟಿಯಾಗುವಂತಿರಲಿಲ್ಲ. ಆಗ ಸ್ಮಿತ್ ತಾವೇ ಜೊತೆಗಾರರನ್ನು ಒಂದು ಕಾಲೇಜು ಮೈದಾನಕ್ಕೆ ಕರೆದು ಹೊಸ ಪುಸ್ತಕದ ಪಾಠ ಹೇಳಿದರು. ಆ ವರ್ಷ ತಂಡ 16ರಲ್ಲಿ 13 ಗೆದ್ದಿತು. ಸ್ಮಿತ್ ಅವರ ತಪ್ಪು ಎಸೆತ ಐದೇ ಐದು. ತಂಡದ ರಕ್ಷಣೆಯೂ ಗಟ್ಟಿಯಾಗಿತ್ತು, ನಿಜ. ಆದರೆ 2012ರ ಜನವರಿಯಲ್ಲಿ ಸೇಂಟ್ಸ್ ಎದುರು ಒಂಬತ್ತು ಸೆಕೆಂಡ್ ಉಳಿದಿರುವಾಗ ಗೆಲುವಿನ ಚೆಂಡು ಎಸೆದದ್ದು ಅದೇ ಹುಡುಗ, ಅದೇ ತೋಳು.

ಮುಂದೆ ಅವರು ಕಾನ್ಸಾಸ್ ಸಿಟಿ ಚೀಫ್ಸ್ ಸೇರಿ ಆಂಡಿ ರೀಡ್ ಕೈಕೆಳಗೆ ಐದು ವರ್ಷ ನಿಶ್ಚಿಂತೆಯಿಂದ ಆಡಿದರು. 2017ರಲ್ಲಿ ಅಲ್ಲಿಗೆ ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗ ಬಂದ. ತನ್ನ ಜಾಗ ಕಿತ್ತುಕೊಳ್ಳಲು ಬಂದವನು ಎಂದು ಗೊತ್ತಿದ್ದೂ ಸ್ಮಿತ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ತಯಾರಿ ಹೇಗೆ, ಎದುರಾಳಿಯ ಆಟ ಓದುವುದು ಹೇಗೆ ಎಂದು ತೋರಿಸಿದರು. ಆ ವರ್ಷ ಮಹೋಮ್ಸ್‌ಗೆ ಆಡಲು ಸಿಕ್ಕಿದ್ದು ಕೊನೆಯ ಒಂದು ಪಂದ್ಯ. ಮರುವರ್ಷ ಅವರ ಎಸೆತದಿಂದ 50 ಟಚ್‌ಡೌನ್. ಸ್ಮಿತ್ ಅವರಿಂದ ಕಲಿತದ್ದನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

2020ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ತಂಡ 31–20ರಿಂದ ಗೆದ್ದಿತು. ಸೋತ ತಂಡ ಯಾವುದು ಅಂದಿರಾ? ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್.

ತನಗೆ ಏಳು ವರ್ಷ ಸಿಗದೆ ಹೋದದ್ದನ್ನು ಸ್ಮಿತ್ ಇನ್ನೊಬ್ಬ ಹುಡುಗನಿಗೆ ಒಂದು ವರ್ಷದಲ್ಲಿ ಕೊಟ್ಟರು. ಮುಂದಿನ ಕ್ರೀಡಾಕೂಟದ ಸುದ್ದಿ ಬರೆಯುವಾಗ ‘ನಿರಾಸೆ ಮೂಡಿಸಿದ’ ಎನ್ನುವ ಮೊದಲು ನಾವು ಒಂದು ಪ್ರಶ್ನೆ ಕೇಳುತ್ತೇವೆ: ಈ ಹುಡುಗನಿಗೆ ಕಲಿಸಿದವರು ಯಾರು, ಎಷ್ಟು ದಿನ ಜೊತೆಗಿದ್ದರು?