ಬಾಸ್ ಮೀನಿನ ಸ್ಪರ್ಧೆಗಳಲ್ಲಿ ಗಾಳವಿದ್ಯೆಯ ಪ್ರಸಾರ ಮತ್ತು ರೂಪಾಂತರ

ಗಾಳ ಹಾಕಿ ಮೀನು ಹಿಡಿಯುವವನು ತನ್ನ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ; ಯಾವ ಮಡುವಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ಎರೆಗೆ ಮೀನು ಬಾಯಿ ಹಾಕಿತೆಂಬುದನ್ನು ಆತನು ಮಗನಿಗೋ ಅಳಿಯನಿಗೋ ಹೇಳಿಯಾನಲ್ಲದೆ ಪರರಿಗೆ ಹೇಳುವವನಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಾಸ್ ಎಂಬ ಸಿಹಿನೀರ ಮೀನಿನ ಬೇಟೆಯೂ ಬಹುಕಾಲ ಹೀಗೆಯೇ ನಡೆದುಬಂದಿತು. ಜೇಮ್ಸ್ ಹೆನ್ಷಲ್ ಎಂಬ ವೈದ್ಯನು 1881ರಲ್ಲಿಯೇ ಈ ಮೀನನ್ನು ಕುರಿತು ವಿಸ್ತಾರವಾದ ಗ್ರಂಥವೊಂದನ್ನು ಪ್ರಕಟಿಸಿದ್ದನಾದರೂ, ಒಂದೊಂದು ಕೆರೆಯ ಒಳಗುಟ್ಟು ಆಯಾ ದಡದವರಲ್ಲಿಯೇ ಉಳಿದಿತ್ತು. ಅದನ್ನು ಬಯಲಿಗೆ ತಂದುದು, ವಿಚಿತ್ರವೆಂಬಂತೆ, ಪರಸ್ಪರ ಸೋಲಿಸಬೇಕೆಂದು ಬಂದವರ ಸ್ಪರ್ಧೆ. ಎದುರಾಳಿಗಳೇ ಒಬ್ಬರಿಗೊಬ್ಬರು ಗುರುಗಳಾದ ಈ ವೃತ್ತಾಂತವನ್ನು ಕೆಲವು ನಿದರ್ಶನಗಳ ಮೂಲಕ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಭೂಮಿಕೆಯನ್ನು ಒದಗಿಸಿದವು ಅಣೆಕಟ್ಟುಗಳು. 1933ರಲ್ಲಿ ಟೆನೆಸ್ಸಿ ಕಣಿವೆಯ ಪ್ರಾಧಿಕಾರವು ಸ್ಥಾಪಿತವಾದ ತರುವಾಯ, ದಕ್ಷಿಣದ ಸಂಸ್ಥಾನಗಳಲ್ಲಿ ನದಿಗಳಿಗೆ ಒಂದರ ಹಿಂದೊಂದರಂತೆ ಕಟ್ಟೆ ಬಿದ್ದು, ಕಾಡು, ಹೊಲ, ಹಳೆಯ ರಸ್ತೆಗಳೆಲ್ಲ ನೀರಿನಡಿ ಸೇರಿ, ಬಾಸ್ ಮೀನಿಗೆ ಹಿಂದೆಂದೂ ಇಲ್ಲದ ವಿಶಾಲವಾದ ನೆಲೆ ದೊರೆಯಿತು. ಈ ಹೊಸ ನೀರನ್ನು ಬಲ್ಲ ಹಿರಿಯರು ಯಾರೂ ಇರಲಿಲ್ಲ. ಪ್ರತಿಯೊಬ್ಬನೂ ಮೊದಲಿನಿಂದಲೇ ಕಲಿಯಬೇಕಾಗಿದ್ದಿತು. 1949ರಲ್ಲಿ ನಿಕ್ ಕ್ರೀಮ್ ಎಂಬಾತನು ಓಹಾಯೋದಲ್ಲಿ ತಯಾರಿಸಿದ ಮೆತುವಾದ ಪ್ಲಾಸ್ಟಿಕ್ ಹುಳುವೂ, 1950ರ ದಶಕದ ಕೊನೆಗೆ ಲೋರೆನ್ಸ್ ಕುಟುಂಬದವರು ಮಾರುಕಟ್ಟೆಗೆ ತಂದ, ಶಬ್ದತರಂಗಗಳಿಂದ ಆಳವನ್ನಳೆಯುವ ಸಣ್ಣ ಯಂತ್ರವೂ ಈ ಕಲಿಕೆಗೆ ಸಾಧನಗಳಾದವು.

ಅಲಬಾಮಾದ ಮಾಂಟ್ಗಮರಿಯಲ್ಲಿ ವಿಮೆಯ ಏಜೆಂಟನಾಗಿದ್ದ ರೇ ಸ್ಕಾಟನು 1967ರ ಜೂನ್ ತಿಂಗಳಲ್ಲಿ ಅರ್ಕನ್ಸಾದ ಬೀವರ್ ಜಲಾಶಯದಲ್ಲಿ ಒಂದು ಸ್ಪರ್ಧೆಯನ್ನು ಏರ್ಪಡಿಸಿದನು. ತಲೆಗೆ 100 ಡಾಲರುಗಳ ಪ್ರವೇಶಶುಲ್ಕವನ್ನು ತೆತ್ತು 106 ಮಂದಿ ಸೇರಿದರು. ನ್ಯಾಶ್ವಿಲ್ಲಿನ ಸ್ಟಾನ್ ಸ್ಲೋನನು ಗೆದ್ದನು. ಮರುವರ್ಷವೇ ಸ್ಕಾಟನು ‘ಬಾಸ್ ಆಂಗ್ಲರ್ಸ್ ಸ್ಪೋರ್ಟ್ಸ್‌ಮನ್ ಸೊಸೈಟಿ’ಯನ್ನೂ ಅದರ ಪತ್ರಿಕೆಯನ್ನೂ ಆರಂಭಿಸಿದನು. ಮೋಸಕ್ಕೆ ಎಡೆಯಿರಬಾರದೆಂದು ಅಂದಿನ ಸ್ಪರ್ಧೆಗಳಲ್ಲಿ ಚೀಟಿಯೆತ್ತಿ ಪರಸ್ಪರ ಅಪರಿಚಿತರಾದ ಇಬ್ಬರು ಸ್ಪರ್ಧಿಗಳನ್ನು ಒಂದೇ ದೋಣಿಯಲ್ಲಿ ಕೂಡಿಸುತ್ತಿದ್ದರು. ಕಾವಲಿಗೆಂದು ಹುಟ್ಟಿದ ಈ ನಿಯಮವೇ ಅನಿರೀಕ್ಷಿತವಾಗಿ ವಿದ್ಯಾಪ್ರಸಾರದ ಮಾರ್ಗವಾಯಿತೆಂಬುದು ನಮ್ಮ ಅಭಿಪ್ರಾಯ. ದಿನವಿಡೀ ಮೂರು ಗಜ ದೂರದಲ್ಲಿ ಕುಳಿತವನ ಕಣ್ಣಿಗೆ ಮಣ್ಣೆರಚಲು ಯಾರಿಗೂ ಸಾಧ್ಯವಿಲ್ಲ: ಆತನ ಗಂಟು, ಆತನು ಕಟ್ಟಿದ ಸೀಸದ ತೂಕ, ದಾರ ಸಡಿಲಿದಾಗ ಆತನ ಮಣಿಕಟ್ಟು ತಿರುಗುವ ರೀತಿ, ಎಲ್ಲವೂ ಕಾಣುತ್ತವೆ. 1971ರಲ್ಲಿ ನೆವಾಡದ ಮೀಡ್ ಸರೋವರದಲ್ಲಿ ನಡೆದ ಪ್ರಥಮ ‘ಬಾಸ್‌ಮಾಸ್ಟರ್ ಕ್ಲಾಸಿಕ್’ ಸ್ಪರ್ಧೆಯಲ್ಲಿ ಪತ್ರಿಕಾಲೇಖಕರನ್ನೇ ದೋಣಿಗಳಲ್ಲಿ ಜೊತೆಗೆ ಕೂಡಿಸಿದ್ದರಿಂದ, ಕಂಡದ್ದು ಅಚ್ಚಾಗಿ ದೇಶವನ್ನೆಲ್ಲ ಮುಟ್ಟಿತು.

ಆದರೆ ಕಂಡದ್ದನ್ನು ಕಂಡಂತೆಯೇ ಅನುಕರಿಸಿದವನಿಗೆ ಮುಂದಿನ ಜಲಾಶಯದಲ್ಲಿ ಅದು ಫಲಿಸದು. ಈ ತೊಡಕನ್ನು ಬಿಡಿಸಿದವರಲ್ಲಿ ರೋಲಂಡ್ ಮಾರ್ಟಿನನು ಅಗ್ರಗಣ್ಯನು. ದಕ್ಷಿಣ ಕ್ಯಾರೊಲೈನಾದ ಸ್ಯಾಂಟಿ ಕೂಪರ್ ಜಲಾಶಯಗಳಲ್ಲಿ ಮಾರ್ಗದರ್ಶಿಯಾಗಿದ್ದ ಈತನು, ಮೀನು ಸಿಕ್ಕಿದ ಸ್ಥಳಕ್ಕಿಂತ ಸಿಕ್ಕಿದ ಸಂದರ್ಭವನ್ನು ಮುಖ್ಯವೆಂದು ಗಣಿಸಿ, ನೀರಿನ ಆಳ, ಉಷ್ಣತೆ, ತಿಳಿ, ಮರೆಯ ಬಗೆ, ಎರೆಯ ವೇಗ ಇವುಗಳ ಕೂಟವನ್ನು ‘ಪ್ಯಾಟರ್ನ್’ ಎಂದು ಕರೆದು, ಅದೇ ಕೂಟವಿರುವ ಬೇರೆ ಮೂಲೆಗಳನ್ನು ಅರಸಿ ಹೋಗುವವನಾದನು. ವರ್ಷದ ಶ್ರೇಷ್ಠ ಗಾಳಗಾರನೆಂಬ ಪದವಿ ಆತನಿಗೆ ಒಂಬತ್ತು ಸಲ ಸಂದಿತು.

ರೂಪಾಂತರದ ಅತ್ಯುತ್ತಮ ನಿದರ್ಶನವಾವುದೆಂದರೆ ಫ್ಲಿಪ್ಪಿಂಗ್. ಕ್ಯಾಲಿಫೋರ್ನಿಯಾದ ನದೀಮುಖಜ ಭೂಮಿಯಲ್ಲಿ ದಟ್ಟವಾಗಿ ಬೆಳೆದ ಜೊಂಡಿನ ನಡುವೆ, ಹನ್ನೆರಡು ಅಡಿಯಷ್ಟು ಉದ್ದದ ಕೋಲಿನ ತುದಿಯಿಂದ ಎರೆಯನ್ನು ನೇರವಾಗಿ ಇಳಿಬಿಡುವ ಪದ್ಧತಿಯೊಂದು ರೂಢಿಯಲ್ಲಿದ್ದಿತು. ಡೀ ಥಾಮಸ್ ಎಂಬಾತನು ಇದರಿಂದ ಗೆಲ್ಲತೊಡಗಿದಾಗ ಕೋಲಿನ ಉದ್ದದ ವಿಷಯದಲ್ಲಿ ಆಕ್ಷೇಪಗಳೆದ್ದವು. ಆತನು ಹಟ ಹಿಡಿಯದೆ ಕೋಲನ್ನು ಏಳೂವರೆ ಅಡಿಗೆ ಇಳಿಸಿ, ಕಳೆದುಹೋದ ಉದ್ದವನ್ನು ಎಡಗೈಯಿಂದ ತುಂಬಿಕೊಂಡನು. ರೀಲಿನ ಮುಂದಿನ ದಾರವನ್ನು ಎಡಗೈಯಲ್ಲಿ ಪಕ್ಕಕ್ಕೆ ಸೆಳೆದು ಹಿಡಿದು, ಎರೆಯನ್ನು ತೂಗುಯ್ಯಾಲೆಯಂತೆ ತನ್ನತ್ತ ತೂಗಿ, ಮುಂದಕ್ಕೆ ಸಾಗುವಾಗ ಆ ದಾರವನ್ನು ಬೆರಳುಗಳ ನಡುವೆ ಹರಿಯಗೊಟ್ಟು, ಎರೆ ನೀರನ್ನು ಮುಟ್ಟುವ ಕ್ಷಣದಲ್ಲಿ ತುಸು ತಡೆದರೆ, ಅಂಗೈಯಗಲದ ಸಂದಿಯೊಳಕ್ಕೂ ಅದು ಸದ್ದಿಲ್ಲದೆ ಇಳಿಯುತ್ತದೆ. 1975ರಲ್ಲಿ ಆತನು ಅರ್ಕನ್ಸಾದ ಬುಲ್ ಶೋಲ್ಸ್ ಜಲಾಶಯಕ್ಕೆ ಬಂದು ಇದೇ ವಿಧಾನದಿಂದ ಪೂರ್ವದವರನ್ನು ಗೆದ್ದನು. ಜೊಂಡಿಗೆಂದು ಹುಟ್ಟಿದ ವಿದ್ಯೆ ಮುಳುಗಿದ ಪೊದೆಗೂ ಸಂದಿತು. ಉದ್ದ ಕೋಲು ಸ್ಥಳೀಯ ವಿಶೇಷವಾಗಿಯೇ ಉಳಿಯಬಹುದಾಗಿತ್ತು. ನಿರ್ಬಂಧವೇ ಅದನ್ನು ಎಲ್ಲರ ಕೈಗೆ ಹೊಂದುವ ಕಲೆಯನ್ನಾಗಿಸಿತೆಂದು ನಾವು ಧೈರ್ಯವಾಗಿ ಹೇಳಬಹುದು.

1982ರಲ್ಲಿ ಅಲಬಾಮಾ ನದಿಯ ಕ್ಲಾಸಿಕ್ಕನ್ನು ಗೆದ್ದ ಪಾಲ್ ಎಲಿಯಾಸನದು ಇನ್ನೊಂದು ಬಗೆಯ ಜಾಣ್ಮೆ. ಮುಳುಗುವ ಎರೆ ಸಾಕಷ್ಟು ಆಳಕ್ಕೆ ಹೋಗದಿರಲು, ಆತನು ದೋಣಿಯಲ್ಲಿ ಮೊಣಕಾಲೂರಿ, ಕೋಲನ್ನೇ ನೀರಿನೊಳಕ್ಕೆ ಚುಚ್ಚಿ ದಾರವನ್ನು ಸುತ್ತಿದನು. ಎರೆ ಹಲವು ಅಡಿ ಕೆಳಗೆ ತಳವನ್ನು ತಾಗುತ್ತ ಬಂದಿತು.

ಕಲಿಕೆಯ ಹಾದಿ ಸಮುದ್ರವನ್ನೂ ದಾಟಿತು. 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದುಬಿಟ್ಟ ಬಾಸ್ ಮೀನು ಆ ದೇಶದಲ್ಲೆಲ್ಲ ಹರಡಿತು. ಅಲ್ಲಿನ ಮೂಲನಿವಾಸಿ ಮೀನುಗಳಿಗೆ ಅದರಿಂದಾದ ಹಾನಿಯನ್ನು ಮರೆಯುವಂತಿಲ್ಲ, 2005ರಲ್ಲಿ ಸರ್ಕಾರವು ಅದನ್ನು ಹಾನಿಕರವಾದ ಅನ್ಯಜೀವಿಯೆಂದೇ ಘೋಷಿಸಿತು. ಸಣ್ಣ ಸರೋವರಗಳಲ್ಲಿ ಗಾಳಗಾರರ ದಟ್ಟಣೆಯಿಂದ ಬೆದರಿದ ಮೀನುಗಳನ್ನು ಒಲಿಸಲು ಜಪಾನೀಯರು ಸೂಕ್ಷ್ಮ ವಿಧಾನಗಳನ್ನು ಸಾಧಿಸಿದರು. ದಾರದ ತುದಿಗೆ ಸೀಸ, ಅದರ ಮೇಲೆ ಗೇಣೋ ಮೊಳವೋ ಅಂತರದಲ್ಲಿ ಕೊಕ್ಕೆ. ಸೀಸವು ತಳದಲ್ಲಿ ಕದಲದೆ ನಿಂತಿರಲು, ಎರೆಯು ಇದ್ದಲ್ಲಿಯೇ ನಡುಗುತ್ತದೆ. ‘ಡ್ರಾಪ್ ಶಾಟ್’ ಎಂಬ ಈ ಕ್ರಮವು ಕ್ಯಾಲಿಫೋರ್ನಿಯಾದ ತಿಳಿನೀರಿನ ಜಲಾಶಯಗಳಲ್ಲಿ ನೆಲೆಯೂರಿ, ಬಳಿಕ ಪೂರ್ವಕ್ಕೆ ಸಾಗಿತು. ದಪ್ಪ ದಾರದ ಅಭ್ಯಾಸವಿದ್ದ ದಕ್ಷಿಣದವರು ಹುಲ್ಲಿನ ನಡುವೆ ಬಳಸಲೆಂದು ಅದಕ್ಕೇ ದಪ್ಪ ದಾರವನ್ನೂ ಭಾರವಾದ ಸೀಸವನ್ನೂ ತೊಡಿಸಿದರು. ಇತ್ತ ಟೋಕಿಯೋದಲ್ಲಿ ಜನಿಸಿದ ತಕಹಿರೊ ಓಮೊರಿಯು ಅಮೆರಿಕಕ್ಕೆ ಬಂದು, ಅಮೆರಿಕನ್ನರ ವೇಗದ ಎರೆಯನ್ನೇ ಕರಗತ ಮಾಡಿಕೊಂಡು 2004ರ ಕ್ಲಾಸಿಕ್ಕನ್ನು ಗೆದ್ದನು.

2011ರ ಅಕ್ಟೋಬರಿನಲ್ಲಿ ಅದೇ ಎಲಿಯಾಸನು ಗುಂಟರ್ಸ್‌ವಿಲ್ ಸರೋವರದಲ್ಲಿ, ಐದು ತಂತಿಗಳಿಗೆ ಐದು ಎರೆಗಳನ್ನು ಕಟ್ಟಿ ಮರಿಮೀನಿನ ಗುಂಪಿನ ಭ್ರಮೆಯನ್ನು ಹುಟ್ಟಿಸುವ ‘ಅಲಬಾಮಾ ರಿಗ್’ನಿಂದ ಗೆದ್ದುದೇ ತಡ, ಅದಕ್ಕಾಗಿ ಅಂಗಡಿಗಳಲ್ಲಿ ನೂಕುನುಗ್ಗಲಾಯಿತು, ಸ್ಕಾಟನು ಕಟ್ಟಿದ ಸಂಸ್ಥೆಯಾದರೋ ಮರುವರ್ಷ ತನ್ನ ಮೇಲ್ಮಟ್ಟದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿತು. ಈಗ ಆ ಸ್ಪರ್ಧೆಗಳಲ್ಲಿ ಇಬ್ಬರು ಎದುರಾಳಿಗಳು ಒಂದು ದೋಣಿಯಲ್ಲಿ ಕೂಡುವುದಿಲ್ಲ. ನೇರ ಪ್ರಸಾರದ ಕ್ಯಾಮರಾ ಆ ಜಾಗದಲ್ಲಿ ಕುಳಿತಿದೆ. ದೋಣಿಯ ಮುಂದಿನ ನೀರಿನಲ್ಲಿ ಮೀನು ಎರೆಯತ್ತ ತಿರುಗುವುದನ್ನೇ ತೋರಿಸುವ ಸೋನಾರ್ ಪರದೆಗಳೂ 2018ರಿಂದೀಚೆಗೆ ವ್ಯಾಪಕವಾಗಿ ಬಂದಿವೆ. ಮಾರ್ಟಿನನು ಊಹೆಯಿಂದ ಕಟ್ಟುತ್ತಿದ್ದುದನ್ನು ಇಂದಿನ ತರುಣನು ಕಣ್ಣಾರೆ ನೋಡಿ ಕಲಿಯುತ್ತಾನೆ. ಮೀನು ಎರೆಯನ್ನು ಹಿಂಬಾಲಿಸಿ ಬಂದು ಮುಟ್ಟದೆ ಹೋದುದಕ್ಕೆ ಕಾರಣವೇನೆಂಬುದನ್ನು ಮಾತ್ರ ಆತನೂ ಎರೆಯ ಗಾತ್ರ, ಆಳ, ವೇಗಗಳನ್ನು ಬದಲಿಸಿ ನೋಡಿಯೇ ತಿಳಿಯಬೇಕು. ಈ ಯಂತ್ರಕ್ಕೂ ಪ್ರಮುಖ ಸ್ಪರ್ಧಾಮಾಲೆಗಳು 2025ರಲ್ಲಿ ಮಿತಿಗಳನ್ನು ವಿಧಿಸಿದವು.