ದಾಖಲೆ ಕೇಳುವ ಅಧಿಕಾರ: ಅಮೆರಿಕದ ಕಾಂಗ್ರೆಸ್ಸೂ ಅಧ್ಯಕ್ಷರ ಕಡತಗಳೂ

ಸರ್ಕಾರದ ಕಡತಗಳನ್ನು ತರಿಸಿ ನೋಡುವ, ಅಧಿಕಾರಿಗಳನ್ನು ಕರೆಸಿ ಪ್ರಮಾಣ ಮಾಡಿಸಿ ಪ್ರಶ್ನಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇದೆ ಎಂದು ಅಮೆರಿಕದ ಸಂವಿಧಾನದಲ್ಲಿ ಎಲ್ಲಿಯೂ ಬರೆದಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಿದವರು ಶಿಕ್ಷೆಯ ದಾರಿಯನ್ನು ಸ್ಪಷ್ಟವಾಗಿ ಬರೆದಿಟ್ಟರು. ಪ್ರತಿನಿಧಿ ಸಭೆ ಸರಳ ಬಹುಮತದಿಂದ ಮಹಾಭಿಯೋಗ ಹೊರಿಸಬಹುದು. ಸೆನೆಟ್ ವಿಚಾರಣೆ ನಡೆಸಿ, ಮೂರನೇ ಎರಡರಷ್ಟು ಮತ ಬಿದ್ದರೆ ಅಧ್ಯಕ್ಷರನ್ನೇ ಪದವಿಯಿಂದ ಇಳಿಸಬಹುದು. ಆದರೆ ತಪ್ಪು ನಡೆದಿದೆ ಎಂಬುದು ಸದನಕ್ಕೆ ಗೊತ್ತಾಗುವುದು ಹೇಗೆ ಎಂಬ ವಿಷಯವನ್ನು ಅವರು ಮುಟ್ಟಲಿಲ್ಲ. ಅಧಿಕಾರದ ದುರುಪಯೋಗ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ; ಅದರ ಗುರುತು ಉಳಿಯುವುದು ಕಾಗದದ ಮೇಲೆ. ಹಾಗಾಗಿ ಅಮೆರಿಕದಲ್ಲಿ ಆಳುವವರನ್ನು ಉತ್ತರದಾಯಿಗಳನ್ನಾಗಿಸಿದ ಚರಿತ್ರೆ ಮಹಾಭಿಯೋಗದ ಮತಗಣನೆಗಿಂತ ಹೆಚ್ಚಾಗಿ, ಕಾಗದ ಕೊಡಬೇಕೋ ಬೇಡವೋ ಎಂಬ ಜಗ್ಗಾಟದ ಚರಿತ್ರೆಯಾಗಿದೆ.

ಮಹಾಭಿಯೋಗದ ವಿಧಿಯ ಹುಟ್ಟಿನಲ್ಲಿ ಭಾರತದ ಹೆಸರೂ ಇದೆ. ಕರಡಿನಲ್ಲಿ ದೇಶದ್ರೋಹ ಮತ್ತು ಲಂಚ ಎಂಬ ಎರಡೇ ಕಾರಣಗಳಿದ್ದವು. 1787ರ ಸೆಪ್ಟೆಂಬರ್ 8ರಂದು ವರ್ಜೀನಿಯಾದ ಜಾರ್ಜ್ ಮೇಸನ್ ಇದನ್ನು ಆಕ್ಷೇಪಿಸಿ, ವಾರನ್ ಹೇಸ್ಟಿಂಗ್ಸ್‌ನ ಉದಾಹರಣೆ ಕೊಟ್ಟರು. ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದ, ಹೈದರಾಲಿಯ ಮೈಸೂರಿನೊಡನೆ ಎರಡನೇ ಯುದ್ಧ ನಡೆದಾಗ ಕಂಪನಿ ಆಡಳಿತದ ಚುಕ್ಕಾಣಿ ಹಿಡಿದಿದ್ದ ಹೇಸ್ಟಿಂಗ್ಸ್ ಮೇಲೆ ಅದೇ ವರ್ಷ ಬ್ರಿಟನ್ನಿನ ಸಂಸತ್ತು ಮಹಾಭಿಯೋಗ ಹೊರಿಸಿತ್ತು. ಆತನ ಮೇಲಿನ ಆರೋಪಗಳು ಘೋರವಾದವು, ಆದರೂ ಅವು ದೇಶದ್ರೋಹದ ಅಳತೆಗೆ ಸಿಗುವುದಿಲ್ಲ ಎಂಬುದು ಮೇಸನ್ ವಾದ. ‘ದುರಾಡಳಿತ’ವನ್ನೂ ಸೇರಿಸೋಣ ಎಂದರು. ಅಷ್ಟು ಸಡಿಲವಾದ ಪದ ಸೇರಿಸಿದರೆ ಅಧ್ಯಕ್ಷರು ಸೆನೆಟ್ಟಿನ ಮರ್ಜಿಯಲ್ಲೇ ಬದುಕಬೇಕಾದೀತು ಎಂದು ಜೇಮ್ಸ್ ಮ್ಯಾಡಿಸನ್ ತಕರಾರು ತೆಗೆದರು. ಕೊನೆಗೆ ಇಂಗ್ಲೆಂಡಿನ ಹಳೆಯ ಸಂಸದೀಯ ರೂಢಿಯಿಂದ ಎತ್ತಿಕೊಂಡ, ದೊಡ್ಡ ಅಪರಾಧಗಳು ಮತ್ತು ದುರ್ನಡತೆ ಎಂಬ ಅರ್ಥದ ಮಾತು ಸೇರಿಕೊಂಡಿತು. ಈ ಮಾತಿಗೆ ಖಚಿತ ವ್ಯಾಖ್ಯೆ ಇಲ್ಲದ್ದರಿಂದ ಪ್ರತಿ ಪ್ರಕರಣವೂ ಕೊನೆಗೆ ಪುರಾವೆಯ ಬಲದ ಮೇಲೆಯೇ ನಿಂತಿತು.

ತನಿಖೆಯ ಮೊದಲ ಪ್ರಸಂಗ ಯುದ್ಧದ ಸೋಲಿನಿಂದ ಬಂತು. 1791ರ ನವೆಂಬರ್ 4ರಂದು ವಾಬಾಶ್ ನದಿಯ ಬಳಿ ಮಿಯಾಮಿ, ಶಾನಿ ಮೊದಲಾದ ಮೂಲನಿವಾಸಿ ಜನರ ಒಕ್ಕೂಟ ಜನರಲ್ ಆರ್ಥರ್ ಸೇಂಟ್ ಕ್ಲೇರ್‌ನ ಸೇನೆಯನ್ನು ಧೂಳೀಪಟ ಮಾಡಿತು; 600ಕ್ಕೂ ಹೆಚ್ಚು ಸೈನಿಕರು ಸತ್ತರು. ಮರುವರ್ಷ ಮಾರ್ಚಿನಲ್ಲಿ ಪ್ರತಿನಿಧಿ ಸಭೆ ಸಮಿತಿಯೊಂದನ್ನು ನೇಮಿಸಿ, ಬೇಕಾದವರನ್ನೂ ಬೇಕಾದ ಕಾಗದಪತ್ರಗಳನ್ನೂ ತರಿಸಿಕೊಳ್ಳುವ ಅಧಿಕಾರ ಕೊಟ್ಟಿತು. ಸಮಿತಿ ಯುದ್ಧ ಇಲಾಖೆಯ ಕಡತ ಕೇಳಿದಾಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಜೆಫರ್ಸನ್, ಹ್ಯಾಮಿಲ್ಟನ್ ಮೊದಲಾದ ಸಂಪುಟದ ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಚರ್ಚಿಸಿದರು. ತಾವು ಇಡುವ ಹೆಜ್ಜೆಯೇ ಮುಂದಿನವರಿಗೆ ಮೇಲ್ಪಂಕ್ತಿಯಾಗುತ್ತದೆ ಎಂಬ ಎಚ್ಚರ ಅವರಿಗಿತ್ತು. ಸದನ ವಿಚಾರಣೆ ನಡೆಸಬಹುದು, ಕಾಗದ ಕೇಳಬಹುದು. ಬಹಿರಂಗವಾದರೆ ಸಾರ್ವಜನಿಕ ಹಿತಕ್ಕೆ ಧಕ್ಕೆ ತರುವಂಥವನ್ನು ಅಧ್ಯಕ್ಷರು ತಡೆಹಿಡಿಯಬಹುದು ಎಂಬ ತೀರ್ಮಾನಕ್ಕೆ ಬಂದರು. ಆ ಸಲ ಕೇಳಿದ ಕಡತಗಳು ಸದನಕ್ಕೆ ಹೋದವು. ಸಮಿತಿ ಸೇನಾಪತಿಯನ್ನು ದೋಷಮುಕ್ತನನ್ನಾಗಿಸಿ, ಸರಬರಾಜಿನ ಗುತ್ತಿಗೆದಾರರನ್ನೂ ಇಲಾಖೆಯ ಅವ್ಯವಸ್ಥೆಯನ್ನೂ ದೂರಿತು.

ತೀರ್ಮಾನದ ಎರಡನೇ ಭಾಗ ಬೇಗನೆ ಬಳಕೆಗೆ ಬಂತು. 1796ರಲ್ಲಿ ಬ್ರಿಟನ್ನಿನೊಡನೆ ಜಾನ್ ಜೇ ಮಾಡಿಕೊಂಡ ಒಪ್ಪಂದದ ಕಡತಗಳನ್ನು ಪ್ರತಿನಿಧಿ ಸಭೆ ಕೇಳಿದಾಗ ವಾಷಿಂಗ್ಟನ್ ಕೊಡಲಿಲ್ಲ. ಒಪ್ಪಂದಗಳಲ್ಲಿ ಪಾಲಿರುವುದು ಸೆನೆಟ್ಟಿಗೆ ಮಾತ್ರ ಎಂದರು; ಮಹಾಭಿಯೋಗಕ್ಕಾಗಿ ಕೇಳಿದ್ದರೆ ಮಾತು ಬೇರೆ ಎಂಬ ಸೂಚನೆಯನ್ನೂ ಅದೇ ಪತ್ರದಲ್ಲಿ ಬಿಟ್ಟರು. ಮುಂದಿನ ನೂರು ವರ್ಷ ಈ ಎರಡು ಮೇಲ್ಪಂಕ್ತಿಗಳ ನಡುವೆ, ಬಹುಮಟ್ಟಿಗೆ ಚೌಕಾಸಿಯಲ್ಲೇ ಕಳೆಯಿತು. 1868ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಒಂದೇ ಮತದ ಅಂತರದಲ್ಲಿ ಪದಚ್ಯುತಿಯಿಂದ ಪಾರಾದರು. 1880ರಲ್ಲಿ ಕಿಲ್‌ಬೋರ್ನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ವ್ಯವಹಾರಗಳನ್ನು ಕೆದಕುವ ಸಾಮಾನ್ಯ ಅಧಿಕಾರ ಕಾಂಗ್ರೆಸ್ಸಿಗಿಲ್ಲ ಎಂದು ಹೇಳಿತು. ಆ ತೀರ್ಪಿನ ನೆರಳಿನಲ್ಲಿ ತನಿಖಾ ಸಮಿತಿಗಳು ಹಿಂಜರಿಯುತ್ತಲೇ ಕೆಲಸ ಮಾಡಿದವು.

ಆ ಹಿಂಜರಿಕೆಯನ್ನು ಬಿಡಿಸಿದ್ದು ಟೀಪಾಟ್ ಡೋಮ್ ಹಗರಣ. ಯುದ್ಧನೌಕೆಗಳಿಗೆ ಇಂಧನ ಬೇಕಾದೀತೆಂದು ವಯೋಮಿಂಗ್‌ನ ಟೀಪಾಟ್ ಡೋಮ್ ಮತ್ತು ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ತೈಲಭೂಮಿಗಳನ್ನು ನೌಕಾಪಡೆಗೆ ಮೀಸಲಿಡಲಾಗಿತ್ತು. 1921ರಲ್ಲಿ ಅಧ್ಯಕ್ಷ ವಾರನ್ ಹಾರ್ಡಿಂಗ್ ಅವುಗಳ ಉಸ್ತುವಾರಿಯನ್ನು ಆಂತರಿಕ ಇಲಾಖೆಗೆ ವರ್ಗಾಯಿಸಿದರು. ಆ ಇಲಾಖೆಯ ಕಾರ್ಯದರ್ಶಿ ಆಲ್ಬರ್ಟ್ ಫಾಲ್, ಟೆಂಡರ್ ಕರೆಯದೆ, ಗುಟ್ಟಾಗಿ ಟೀಪಾಟ್ ಡೋಮನ್ನು ಹ್ಯಾರಿ ಸಿಂಕ್ಲೇರ್‌ಗೂ ಎಲ್ಕ್ ಹಿಲ್ಸನ್ನು ಎಡ್ವರ್ಡ್ ಡೊಹೆನಿಗೂ ಗುತ್ತಿಗೆಗೆ ಕೊಟ್ಟರು. 1922ರ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸೆನೆಟರ್ ರಾಬರ್ಟ್ ಲಾ ಫೋಲೆಟ್ ತನಿಖೆಗೆ ನಿರ್ಣಯ ತಂದರು. ಇಲಾಖೆಯಿಂದ ರಾಶಿಗಟ್ಟಲೆ ಕಾಗದ ಬಂತು. ಅದನ್ನು ಓದುವ ಕೆಲಸ ಮಾಂಟಾನಾದ ಸೆನೆಟರ್ ಥಾಮಸ್ ವಾಲ್ಶ್ ಅವರ ಪಾಲಿಗೆ ಬಂತು. ಅವರು ತಿಂಗಳುಗಟ್ಟಲೆ ಓದಿ, 1923ರ ಅಕ್ಟೋಬರ್‌ನಲ್ಲಿ ವಿಚಾರಣೆ ಆರಂಭಿಸಿದರು.

ಸುಳಿವು ಸಿಕ್ಕಿದ್ದು ತೈಲದ ಕಡತದಲ್ಲಲ್ಲ. ನ್ಯೂ ಮೆಕ್ಸಿಕೋದ ಥ್ರೀ ರಿವರ್ಸ್‌ನಲ್ಲಿ ಫಾಲ್‌ಗೆ ದನ ಸಾಕುವ ದೊಡ್ಡ ಜಮೀನಿತ್ತು. ವರ್ಷಗಟ್ಟಲೆ ಬಾಕಿಯಿದ್ದ ಅದರ ತೆರಿಗೆ ಒಮ್ಮೆಲೇ ತೀರಿತ್ತು, ಬೇಲಿ ಮನೆಗಳು ಹೊಸದಾಗಿದ್ದವು. ಹಣ ಎಲ್ಲಿಂದ ಬಂತು ಎಂದು ಕೇಳಿದಾಗ, ಪತ್ರಿಕೆಯೊಂದರ ಮಾಲೀಕ ಎಡ್ವರ್ಡ್ ಮೆಕ್ಲೀನ್ ತಮಗೆ ಒಂದು ಲಕ್ಷ ಡಾಲರ್ ಸಾಲ ಕೊಟ್ಟರು ಎಂದು ಫಾಲ್ ಬರೆದು ತಿಳಿಸಿದರು. ಮೆಕ್ಲೀನ್ ಫ್ಲಾರಿಡಾದ ಪಾಮ್ ಬೀಚಿನಲ್ಲಿದ್ದರು, ಬರಲಾರೆ ಎಂದರು. 1924ರ ಜನವರಿಯಲ್ಲಿ ವಾಲ್ಶ್ ತಾವೇ ಅಲ್ಲಿಗೆ ಹೋದರು. ಚೆಕ್ ಕೊಟ್ಟದ್ದು ನಿಜ, ಆದರೆ ಫಾಲ್ ಅವನ್ನು ನಗದು ಮಾಡಿಸದೆ ವಾಪಸ್ ಕೊಟ್ಟರು ಎಂದು ಮೆಕ್ಲೀನ್ ಒಪ್ಪಿಕೊಂಡರು. ಎರಡು ವಾರ ಕಳೆಯುವುದರೊಳಗೆ ಡೊಹೆನಿ ಸಮಿತಿಯ ಮುಂದೆ ಬಂದು, ಆ ಲಕ್ಷ ಡಾಲರನ್ನು ತಾನೇ ನಗದಾಗಿ ಒಂದು ಸಣ್ಣ ಕಪ್ಪು ಚೀಲದಲ್ಲಿಟ್ಟು ಮಗನ ಕೈಯಲ್ಲಿ ಕಳುಹಿಸಿದೆ, ಅದು ಹಳೆಯ ಗೆಳೆಯನಿಗೆ ಕೊಟ್ಟ ಸಾಲ ಎಂದು ಹೇಳಿದ. ಸಾಕ್ಷಿಗೆ ತಂದ ಸಾಲಪತ್ರದಲ್ಲಿ ಫಾಲ್ ಸಹಿ ಇದ್ದ ಭಾಗ ಹರಿದುಹೋಗಿತ್ತು. ಸಿಂಕ್ಲೇರ್ ಕಡೆಯಿಂದ ಎರಡು ಲಕ್ಷ ಡಾಲರಿಗೂ ಮಿಕ್ಕಿದ ಸರ್ಕಾರಿ ಬಾಂಡುಗಳು ಸಂದದ್ದು ಆಮೇಲೆ ಬಯಲಾಯಿತು.

1927ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಗುತ್ತಿಗೆಗಳನ್ನು ರದ್ದುಮಾಡಿತು. 1929ರಲ್ಲಿ ಲಂಚ ಪಡೆದ ಅಪರಾಧ ಸಾಬೀತಾಗಿ ಫಾಲ್‌ಗೆ ಒಂದು ವರ್ಷ ಸೆರೆವಾಸ, ಒಂದು ಲಕ್ಷ ಡಾಲರ್ ದಂಡ ಬಿತ್ತು. ಹುದ್ದೆಯಲ್ಲಿದ್ದಾಗ ಮಾಡಿದ ಅಪರಾಧಕ್ಕಾಗಿ ಜೈಲು ಕಂಡ ಮೊದಲ ಸಂಪುಟ ಸದಸ್ಯ ಅವರೇ. ಅದೇ ಲಂಚ ಕೊಟ್ಟ ಆರೋಪದಿಂದ ಡೊಹೆನಿಯನ್ನು ಮರುವರ್ಷ ಇನ್ನೊಂದು ಜ್ಯೂರಿ ಖುಲಾಸೆ ಮಾಡಿತು. ನ್ಯಾಯದ ಕಣ್ಣಿನಲ್ಲಿ ಇದು ಅರೆಬರೆ ಫಲವೇ ಸರಿ.

ಹೆಚ್ಚು ಬಾಳಿದ ಫಲ ಅದೇ ಕಾಲದ ಇನ್ನೊಂದು ತನಿಖೆಯಿಂದ ಬಂತು. ಅಟಾರ್ನಿ ಜನರಲ್ ಹ್ಯಾರಿ ಡಾಹರ್ಟಿ ತನ್ನ ಇಲಾಖೆಯ ಕರ್ತವ್ಯದಲ್ಲಿ ಲೋಪ ಎಸಗಿದರೇ ಎಂದು ಸೆನೆಟ್ ವಿಚಾರಿಸುತ್ತಿತ್ತು. ಒಹಾಯೋದಲ್ಲಿ ಬ್ಯಾಂಕ್ ನಡೆಸುತ್ತಿದ್ದ ಅವರ ತಮ್ಮ ಮ್ಯಾಲಿ ಡಾಹರ್ಟಿಗೆ ಎರಡು ಸಲ ಸಮನ್ಸ್ ಹೋದರೂ ಬರಲಿಲ್ಲ. ಸೆನೆಟ್ ಆತನನ್ನು ಬಂಧಿಸಿ ತರಲು ತನ್ನ ಆಳನ್ನೇ ಕಳುಹಿಸಿತು. 1927ರ ಜನವರಿ 17ರಂದು ಸುಪ್ರೀಂ ಕೋರ್ಟ್ ಸೆನೆಟ್ಟಿನ ಪರ ತೀರ್ಪಿತ್ತಿತು: ವಿಷಯ ತಿಳಿಯದೆ ಶಾಸನ ಮಾಡಲಾಗದು, ಆದ್ದರಿಂದ ಶಾಸನಾಧಿಕಾರದಲ್ಲೇ ತನಿಖೆಯ ಅಧಿಕಾರ ಅಡಗಿದೆ. ಸಂವಿಧಾನದಲ್ಲಿ ಬರೆಯದೆ ಬಿಟ್ಟದ್ದಕ್ಕೆ ಕೊನೆಗೂ ಗಟ್ಟಿ ಆಧಾರ ಸಿಕ್ಕಿತು.

ಈ ಅಧಿಕಾರವೇ ದುರುಪಯೋಗದ ಸಾಧನವಾದದ್ದನ್ನೂ ಹೇಳದೆ ಬಿಡುವಂತಿಲ್ಲ. 1950ರ ಸುಮಾರಿಗೆ ಸೆನೆಟರ್ ಜೋಸೆಫ್ ಮೆಕಾರ್ಥಿ ಮತ್ತು ಪ್ರತಿನಿಧಿ ಸಭೆಯ ಸಮಿತಿಗಳು ಕಮ್ಯುನಿಸ್ಟರನ್ನು ಹುಡುಕುವ ಹೆಸರಿನಲ್ಲಿ ಶಿಕ್ಷಕರು, ನೌಕರರು, ಕಲಾವಿದರನ್ನು ಸಾಕ್ಷಿಕಟ್ಟೆಗೆ ಎಳೆದು, ಪುರಾವೆಯಿಲ್ಲದೆ ಅವರ ಬದುಕನ್ನು ಹಾಳುಮಾಡಿದವು. ಮೆಕಾರ್ಥಿಯನ್ನು ತಡೆಯಲು ಅಧ್ಯಕ್ಷ ಐಸೆನ್‌ಹೋವರ್ 1954ರ ಮೇ 17ರಂದು, ಕಾರ್ಯಾಂಗದೊಳಗಿನ ಸಮಾಲೋಚನೆಗಳನ್ನು ಯಾರೂ ಸಮಿತಿಗೆ ಹೇಳಕೂಡದೆಂದು ಆದೇಶಿಸಿದರು. ಆ ಹೊತ್ತಿಗೆ ಅದು ಅಮಾಯಕರಿಗೆ ರಕ್ಷೆಯಾಯಿತು. ಇಪ್ಪತ್ತು ವರ್ಷಗಳ ಬಳಿಕ, ಐಸೆನ್‌ಹೋವರ್ ಕಾಲದಲ್ಲಿ ಉಪಾಧ್ಯಕ್ಷರಾಗಿದ್ದು ಆಗ ತಾವೇ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ‘ಕಾರ್ಯಾಂಗದ ವಿಶೇಷಾಧಿಕಾರ’ ಎಂಬ ಅದೇ ಗುರಾಣಿಯನ್ನು ಹಿಡಿದರು.

1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಐವರು ಕಳ್ಳರು ಸಿಕ್ಕಿಬಿದ್ದರು. 1973ರ ಫೆಬ್ರುವರಿಯಲ್ಲಿ ಸೆನೆಟ್ 77–0 ಮತಗಳಿಂದ ಸ್ಯಾಮ್ ಎರ್ವಿನ್ ಅಧ್ಯಕ್ಷತೆಯ ಸಮಿತಿ ರಚಿಸಿತು. ಒಂದೂ ವಿರೋಧ ಮತವಿಲ್ಲದ ಆ ನಿರ್ಣಯ ಗಮನಿಸಬೇಕಾದದ್ದು. ಮುಂದಿನದಕ್ಕೆಲ್ಲ ಅದು ನೆಲೆಗಟ್ಟು. ಜುಲೈ 13ರಂದು ಸಮಿತಿಯ ಸಿಬ್ಬಂದಿ ಶ್ವೇತಭವನದ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅವರನ್ನು ವಿಚಾರಿಸುತ್ತಿದ್ದರು. ಅಲ್ಲಿ ಮಾತುಕತೆಗಳನ್ನು ಧ್ವನಿಮುದ್ರಿಸುವ ವ್ಯವಸ್ಥೆಯೇನಾದರೂ ಇತ್ತೇ ಎಂದು ಕೇಳಿದ್ದು ಅಧ್ಯಕ್ಷರದೇ ಪಕ್ಷದ ಪರವಾಗಿ ನೇಮಕಗೊಂಡಿದ್ದ ವಕೀಲ. ಇತ್ತು ಎಂಬ ಉತ್ತರ ಬಂತು. ಮೂರು ದಿನದ ಮೇಲೆ ಬಟರ್‌ಫೀಲ್ಡ್ ಅದನ್ನೇ ದೂರದರ್ಶನದ ಕ್ಯಾಮೆರಾಗಳ ಮುಂದೆ ಹೇಳಿದರು. ಅಲ್ಲಿಂದಾಚೆಗೆ ವಾಟರ್‌ಗೇಟ್ ಧ್ವನಿಸುರುಳಿಗಳ ಪ್ರಕರಣವಾಯಿತು.

ನಿಕ್ಸನ್ ಕೊಡಲು ಒಪ್ಪಲಿಲ್ಲ. ಸುರುಳಿಗಳಿಗಾಗಿ ಪಟ್ಟು ಹಿಡಿದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್‌ರನ್ನು ವಜಾಮಾಡಲು 1973ರ ಅಕ್ಟೋಬರ್ 20ರ ಶನಿವಾರ ರಾತ್ರಿ ಆದೇಶಿಸಿದರು. ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ಒಪ್ಪದೆ ರಾಜೀನಾಮೆ ಕೊಟ್ಟರು. ಅವರ ಕೈಕೆಳಗಿನ ವಿಲಿಯಂ ರಕಲ್ಸ್‌ಹೌಸ್ ಸಹ ನಿರಾಕರಿಸಿ ಹುದ್ದೆ ಕಳೆದುಕೊಂಡರು. ಮೂರನೆಯವರಾದ ರಾಬರ್ಟ್ ಬೋರ್ಕ್ ಆದೇಶ ಪಾಲಿಸಿದರು. ಜನರ ಆಕ್ರೋಶಕ್ಕೆ ಮಣಿದು ಹೊಸ ಅಭಿಯೋಜಕರನ್ನು ನೇಮಿಸಬೇಕಾಯಿತು. ಒಪ್ಪಿಸಿದ ಒಂದು ಸುರುಳಿಯಲ್ಲಿ ಹದಿನೆಂಟೂವರೆ ನಿಮಿಷದ ಮಾತು ಅಳಿಸಿಹೋಗಿತ್ತು. ಸೆನೆಟ್ ಸಮಿತಿ ಸ್ವತಃ ಹೂಡಿದ ದಾವೆ ಸೋತಿತು. ಗೆದ್ದದ್ದು ಅಭಿಯೋಜಕರ ಸಮನ್ಸ್. 1974ರ ಜುಲೈ 24ರಂದು ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ, ವಿಶೇಷಾಧಿಕಾರ ಎಂಬುದೊಂದಿದೆ, ಆದರೆ ಅಪರಾಧ ವಿಚಾರಣೆಗೆ ಬೇಕಾದ ಪುರಾವೆಯನ್ನು ಅದು ಮುಚ್ಚಲಾರದು ಎಂದರು. ಒಂದು ವಾರದೊಳಗೆ ಪ್ರತಿನಿಧಿ ಸಭೆಯ ನ್ಯಾಯ ಸಮಿತಿ ಮೂರು ಆರೋಪಗಳನ್ನು ಅಂಗೀಕರಿಸಿತು. ಎರಡನೆಯದಾದ ಅಧಿಕಾರ ದುರುಪಯೋಗಕ್ಕೆ 28–10 ಮತಗಳು ಬಿದ್ದವು: ವಿರೋಧಿಗಳ ಮೇಲೆ ತೆರಿಗೆ ಇಲಾಖೆಯನ್ನು ಛೂ ಬಿಡಲು ಯತ್ನಿಸಿದ್ದು, ಅಕ್ರಮವಾಗಿ ಕದ್ದಾಲಿಸಿದ್ದು, ಶ್ವೇತಭವನದಲ್ಲೇ ಗುಪ್ತ ತಂಡ ಸಾಕಿದ್ದು. ಮೂರನೆಯದು ಸಮಿತಿಯ ಸಮನ್ಸ್‌ಗಳನ್ನು ಧಿಕ್ಕರಿಸಿದ್ದು. ಅದು ಗೆದ್ದದ್ದು 21–17ರಿಂದ ಮಾತ್ರ. ಆಗಸ್ಟ್ 5ರಂದು ಹೊರಬಿದ್ದ ಸುರುಳಿಯಲ್ಲಿ, ಕಳವು ನಡೆದ ಆರನೇ ದಿನವೇ ತನಿಖೆಯ ದಾರಿ ತಪ್ಪಿಸಲು ನಿಕ್ಸನ್ ಒಪ್ಪಿದ್ದು ಅವರದೇ ದನಿಯಲ್ಲಿತ್ತು. 9ರಂದು ಅವರು ಪದವಿ ಬಿಟ್ಟರು. ಸೆಪ್ಟೆಂಬರ್ 8ರಂದು ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟರು.

ವಾಷಿಂಗ್ಟನ್ ಕಾಲದಿಂದಲೂ ಅಧ್ಯಕ್ಷರ ಕಾಗದಗಳು ಅವರ ಸ್ವಂತ ಆಸ್ತಿಯೆಂದೇ ನಡೆದುಬಂದಿತ್ತು. ಸುರುಳಿಗಳನ್ನು ಮುಂದೆ ನಾಶಮಾಡಲು ನಿಕ್ಸನ್‌ಗೆ ಅವಕಾಶ ಕೊಡುವ ಕರಾರು ಬಯಲಾದಾಗ ಕಾಂಗ್ರೆಸ್ 1974ರ ಡಿಸೆಂಬರ್‌ನಲ್ಲೇ ಕಾನೂನು ತಂದು ಅವನ್ನು ವಶಕ್ಕೆ ತೆಗೆದುಕೊಂಡಿತು. 1978ರ ಕಾಯ್ದೆ ಇದನ್ನು ನಿಯಮವಾಗಿಸಿತು: 1981ರ ಜನವರಿ 20ರ ನಂತರದ ಅಧ್ಯಕ್ಷೀಯ ದಾಖಲೆಗಳು ಜನರ ಆಸ್ತಿ. ಸರ್ಕಾರಿ ಇಲಾಖೆಗಳಿಗೆ ಸ್ವತಂತ್ರ ತಪಾಸಣಾಧಿಕಾರಿಗಳನ್ನು ಕೊಟ್ಟ ಕಾಯ್ದೆಯೂ ಅದೇ ವರ್ಷದ್ದು. ಈ ನಡುವೆ ಸೆನೆಟರ್ ಫ್ರ್ಯಾಂಕ್ ಚರ್ಚ್ ಅವರ ಸಮಿತಿ 1975–76ರಲ್ಲಿ ಗುಪ್ತಚರ ಸಂಸ್ಥೆಗಳ ಕಡತ ತೆರೆಸಿತು. ವಿದೇಶಿ ನಾಯಕರ ಹತ್ಯೆಯ ಸಂಚುಗಳು, ನಾಗರಿಕರ ಅಂಚೆ ಒಡೆದು ಓದಿದ್ದು, ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಎಫ್‌ಬಿಐ ಹೆಸರಿಲ್ಲದ ಬೆದರಿಕೆ ಪತ್ರ ಕಳುಹಿಸಿದ್ದು ಎಲ್ಲವೂ ಸಂಸ್ಥೆಗಳ ಸ್ವಂತ ಕಾಗದಗಳಿಂದಲೇ ಹೊರಬಂದವು.

ಕಾನೂನು ಬಂದಂತೆ ದಾಖಲೆ ಅಳಿಸುವ ಬಗೆಯೂ ಬದಲಾಯಿತು. 1986ರ ನವೆಂಬರ್‌ನಲ್ಲಿ, ಇರಾನಿಗೆ ಆಯುಧ ಮಾರಿದ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ತಿರುಗಿಸಿದ್ದು ಬಯಲಾಗುವ ಹೊತ್ತಿಗೆ ಶ್ವೇತಭವನದ ಅಧಿಕಾರಿ ಆಲಿವರ್ ನಾರ್ತ್ ಕಡತಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿಸಿದರು, ಕಂಪ್ಯೂಟರಿನಲ್ಲಿದ್ದ ಸಂದೇಶಗಳನ್ನು ಅಳಿಸಿದರು. ಆದರೆ ಅವುಗಳ ನಕಲು ಬ್ಯಾಕಪ್ ಟೇಪುಗಳಲ್ಲಿ ಉಳಿದಿತ್ತು. ತನಿಖೆಗೆ ಅದೇ ಆಧಾರವಾಯಿತು. ಇಲ್ಲಿ ಕಾಂಗ್ರೆಸ್ ಎಡವಿತು. ಬಹಿರಂಗ ಸಾಕ್ಷ್ಯದ ಆತುರದಲ್ಲಿ ನಾರ್ತ್‌ಗೆ ವಿನಾಯಿತಿ ಕೊಟ್ಟದ್ದರಿಂದ ಆತನ ಶಿಕ್ಷೆ 1990ರಲ್ಲಿ ಮೇಲ್ಮನವಿಯಲ್ಲಿ ನಿಲ್ಲಲಿಲ್ಲ.

ಇತ್ತೀಚಿನ ದಶಕದಲ್ಲಿ ಹಗ್ಗ ಕಾರ್ಯಾಂಗದ ಕಡೆಗೆ ವಾಲಿದೆ. 2019ರಲ್ಲಿ ಡೊನಾಲ್ಡ್ ಟ್ರಂಪ್ ಮೇಲಿನ ಮಹಾಭಿಯೋಗದ ಎರಡನೇ ಆರೋಪ, ದಾಖಲೆ ಮತ್ತು ಸಾಕ್ಷಿಗಳನ್ನು ತಡೆದು ಕಾಂಗ್ರೆಸ್ಸಿಗೆ ಅಡ್ಡಿಪಡಿಸಿದ್ದು. ಹೊಸ ಸಾಕ್ಷಿಗಳನ್ನು ಕರೆಯುವುದೇ ಬೇಡವೆಂದು ಸೆನೆಟ್ 51–49ರಿಂದ ತೀರ್ಮಾನಿಸಿ ಅವರನ್ನು ಖುಲಾಸೆ ಮಾಡಿತು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷರ ವೈಯಕ್ತಿಕ ಕಾಗದಗಳನ್ನು ಕೇಳುವ ಕಾಂಗ್ರೆಸ್ಸಿನ ಸಮನ್ಸ್‌ಗಳಿಗೆ ಬಿಗಿಯಾದ ಒರೆಗಲ್ಲನ್ನು ನಿಗದಿಮಾಡಿತು. 2024ರ ಜುಲೈ 1ರ ತೀರ್ಪು ಇನ್ನೂ ಮುಂದೆ ಹೋಗಿ, ಅಧ್ಯಕ್ಷರ ಮೂಲ ಸಾಂವಿಧಾನಿಕ ಅಧಿಕಾರಗಳಿಗೆ ಸಂಬಂಧಿಸಿದ ಕೃತ್ಯಗಳಿಗೆ ಅಪರಾಧ ಮೊಕದ್ದಮೆಯಿಂದ ಸಂಪೂರ್ಣ ರಕ್ಷಣೆಯನ್ನೂ ಇತರ ಅಧಿಕೃತ ಕೃತ್ಯಗಳಿಗೆ ಕನಿಷ್ಠ ಪಕ್ಷ, ಅಲ್ಲಗಳೆಯುವವರೆಗೆ ಇದೆಯೆಂದೇ ಭಾವಿಸುವ ರಕ್ಷಣೆಯನ್ನೂ ನೀಡಿತು. ರಕ್ಷಣೆಯಿರುವ ಕೃತ್ಯಗಳನ್ನು ಬೇರೆ ಆರೋಪಗಳಲ್ಲಿ ಪುರಾವೆಯಾಗಿ ಬಳಸುವುದನ್ನೂ ತಡೆಯಿತು. ಉಳಿದ ಬಹುಪಾಲು ವಿಷಯಗಳಲ್ಲಿ ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಈ ಭಾಗಕ್ಕೆ ಸೇರಲಿಲ್ಲ. ಲಂಚಕ್ಕೆ ಪ್ರತಿಯಾಗಿ ಅಧ್ಯಕ್ಷರು ಮಾಡಿಕೊಟ್ಟ ಕೆಲಸ ಯಾವುದೆಂದು ಜ್ಯೂರಿಗೆ ತಿಳಿಯದೆ ಲಂಚದ ಮೊಕದ್ದಮೆ ನಡೆಸುವುದು ಹೇಗೆ ಎಂದು ಅವರು ಪ್ರಶ್ನಿಸಿದರು. ಬಹುಮತದ ಉತ್ತರ ಒಂದು ಅಡಿಟಿಪ್ಪಣಿಯಲ್ಲಿದೆ: ಅಂಥ ಕೃತ್ಯ ನಡೆಯಿತೆಂದು ತೋರಿಸಲು ಅಭಿಯೋಜಕರು ಸಾರ್ವಜನಿಕ ದಾಖಲೆಯನ್ನು ಮುಂದಿಡಬಹುದು, ಆ ಕೃತ್ಯವನ್ನೇ ಕೆದಕುವಂಥ, ಅಧ್ಯಕ್ಷರ ಅಥವಾ ಅವರ ಸಲಹೆಗಾರರ ಹೇಳಿಕೆಗಳನ್ನಾಗಲಿ ಖಾಸಗಿ ದಾಖಲೆಗಳನ್ನಾಗಲಿ ಮುಂದಿಡುವಂತಿಲ್ಲ.